ದಾವಣಗೆರೆಯಿಂದ ನಾಲ್ಕು ದಿನದ ರಜೆ, ಮೊದಲ ಸ್ಕೂಬಾ: ಹ್ಯಾವ್‌ಲಾಕಾ, ಲಕ್ಷದ್ವೀಪವಾ, ನೇತ್ರಾಣಿಯಾ?

"ಈಜು ಬರಲ್ಲ, ನಾಲ್ಕು ದಿನ ರಜೆ ಇದೆ, ಜಾಸ್ತಿ ಆಳ ಇಲ್ಲದ ದ್ವೀಪ ಹೇಳಿ" ಅಂತ ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ಬಗ್ಗೆ ಕೇಳಿದ್ದೀರಿ. ಓದಿ ನಗು ಬಂತು. 2019ರ ಜನವರಿಯಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಮಂಡಿಪೇಟೆಯ ನಮ್ಮ ಅಂಗಡಿಯ ಗಲ್ಲಾದಲ್ಲಿ, ಬಿಲ್ ಪುಸ್ತಕದ ಹಿಂದಿನ ಹಾಳೆಗೆ ಮೂರು ಕಾಲಂ ಎಳೆದು. ಆ ಹಾಳೆ ಈಗಲೂ ಇದೆ. ನೀರಿನ ಬಣ್ಣ, ಮೀನು, ರೂಮಿನ ರೇಟು, ಹಡಗಿನ ಟೈಮು ಎಲ್ಲಾ ಬರೆದಿದ್ದೇನೆ. ನನ್ನ ಮೂಗಿನ ಬಗ್ಗೆ ಮಾತ್ರ ಒಂದಕ್ಷರ ಇಲ್ಲ.

ಅಂಡಮಾನಿನ ಹ್ಯಾವ್‌ಲಾಕ್ ಗೆದ್ದಿತು. ಅದರ ಹಿಂದಿನ ತಿಂಗಳಷ್ಟೇ ಸರ್ಕಾರ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೊಸ ಹೆಸರು ಇಟ್ಟಿತ್ತು, ಆದರೆ ಎಲ್ಲರ ಬಾಯಲ್ಲೂ ಹ್ಯಾವ್‌ಲಾಕೇ. ಪ್ಲಾನ್ ಬಿಗಿಯಾಗಿತ್ತು. ರಾತ್ರಿ ಬಸ್ಸಿಗೆ ಬೆಂಗಳೂರು, ಬೆಳಗ್ಗೆ ವಿಮಾನಕ್ಕೆ ಪೋರ್ಟ್ ಬ್ಲೇರ್, ಮಧ್ಯಾಹ್ನ ಹಡಗಿಗೆ ದ್ವೀಪ. ಮಾರನೇ ದಿನ ಸ್ಕೂಬಾ. ಅದರ ಮಾರನೇ ದಿನ ವಾಪಸ್. ಒಂದು ದಿನವೂ ಸಡಿಲ ಇಟ್ಟಿರಲಿಲ್ಲ. ಅಂಗಡಿ ಮುಚ್ಚಿ ಹೋದವನಿಗೆ ದಿನ ಅಂದರೆ ದುಡ್ಡು, ಅಲ್ವಾ?

ಬಸ್ಸಿನ ಎಸಿ ನನ್ನ ತಲೆಯ ಮೇಲೇ ಇತ್ತು. ಬೆಂಗಳೂರಲ್ಲಿ ಇಳಿಯುವಾಗ ಮೂಗು ಕಟ್ಟಿತ್ತು. ದ್ವೀಪ ಮುಟ್ಟುವಷ್ಟರಲ್ಲಿ ಪೂರ್ತಿ ನೆಗಡಿ.

ಮಾರನೇ ಬೆಳಗ್ಗೆ ನನ್ನ ಹೆಂಡತಿ ಹೇಳಿದಳು, "ರೀ, ಮೂಗು ಕಟ್ಟಿದೆ ಅಂತ ಅವರಿಗೊಂದು ಮಾತು ಹೇಳ್ರಿ." ನಾನು ಹೇಳಲಿಲ್ಲ. ಇಬ್ಬರ ದುಡ್ಡು ಕಟ್ಟಿಯಾಗಿತ್ತು. ಅದರ ಮೇಲೆ ಭದ್ರಾ ನಾಲೆಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು ನಾನು, ನೀರು ನನಗೇನು ಮಾಡೀತು ಅನ್ನೋ ಜಂಬ. ಒಂದು ನೆಗಡಿ ಮಾತ್ರೆ ನುಂಗಿದೆ. ಅರ್ಧ ಗಂಟೆಯಲ್ಲಿ ಮೂಗು ಬಿಟ್ಟಿತು. ಡೈವ್ ಮಾಡಿಸುವವರು ಮೆಡಿಕಲ್ ಫಾರ್ಮ್ ಕೊಟ್ಟರು. ಕಿವಿ, ಸೈನಸ್, ಆಸ್ತಮಾ, ಹೃದಯ ಅಂತ ಒಂದೊಂದೇ ಪ್ರಶ್ನೆ. ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕೋ ಹಾಗೆ ಎಲ್ಲದಕ್ಕೂ "ಇಲ್ಲ" ಅಂತ ಗೀಚಿ ಕೊಟ್ಟೆ. ಅವರದ್ದು ಏನೂ ತಪ್ಪಿಲ್ಲ. ಕೇಳಿದರು, ನಾನು ಸುಳ್ಳು ಹೇಳಿದೆ.

ಈ ನೆಗಡಿ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೂ ಓದಿ. ಕಿವಿಯ ತಮಟೆಯ ಹಿಂದೆ ಒಂದು ಚಿಕ್ಕ ಗಾಳಿ ಕೋಣೆ ಇದೆ. ಅಲ್ಲಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ. ಉಗುಳು ನುಂಗಿದಾಗ ಅದು ತೆರೆಯುತ್ತದೆ. ನೀರಲ್ಲಿ ಕೆಳಗೆ ಹೋದ ಹಾಗೆ ಹೊರಗಿನ ಒತ್ತಡ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಆಗ ಮೂಗು ಹಿಡಿದು ಮೆಲ್ಲಗೆ ಊದಿ, ಆ ಕೊಳವೆಯ ಮೂಲಕ ಒಳಗೂ ಗಾಳಿ ಕಳಿಸಬೇಕು. ಇದನ್ನೇ ಅವರು ಈಕ್ವಲೈಸ್ ಅನ್ನುವುದು. ನೋವು ಬಂದ ಮೇಲೆ ಮಾಡುವುದಲ್ಲ, ಬರುವ ಮುಂಚೆಯೇ, ಅರ್ಧ ಮೀಟರಿಗೊಮ್ಮೆ ಮೀಟರಿಗೊಮ್ಮೆ ಮಾಡುತ್ತಲೇ ಇಳಿಯಬೇಕು. ತಡ ಮಾಡಿದರೆ ಒತ್ತಡವೇ ಆ ಕೊಳವೆಯನ್ನು ಅಮುಕಿ ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಊದಿದರೂ ಅಷ್ಟೇ.

ನೆಗಡಿ ಇದ್ದಾಗ ಕೊಳವೆ ಊದಿಕೊಂಡಿರುತ್ತದೆ. ಮಾತ್ರೆ ಆ ಊತವನ್ನು ಕೆಲವು ಗಂಟೆ ಇಳಿಸುತ್ತದೆ, ಅಷ್ಟೇ. ವಾಸಿ ಮಾಡುವುದಿಲ್ಲ. ನಾನು ನುಂಗಿದ್ದು ಬೆಳಗ್ಗೆ ಆರಕ್ಕೆ. ನೀರಿನ ಉಬ್ಬರ ನೋಡಿಕೊಂಡು ನಮ್ಮ ಸರದಿ ಬಂದದ್ದು ಹನ್ನೆರಡರ ಮೇಲೆ. ಅಷ್ಟರಲ್ಲಿ ಮಾತ್ರೆಯ ಕೆಲಸ ಮುಗಿದಿತ್ತು. ಇನ್ನೂ ಕೆಟ್ಟದ್ದೊಂದಿದೆ. ಇಳಿಯುವಾಗ ಕಿವಿ ಬಿಟ್ಟು, ಕೆಳಗಿರುವಾಗ ಮಾತ್ರೆಯ ಬಲ ಹೋದರೆ, ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ನನಗೆ ಅಷ್ಟು ಆಗಲಿಲ್ಲ, ಯಾಕಂದರೆ ನನ್ನ ಕಿವಿ ಇಳಿಯುವಾಗಲೇ ಕೈಕೊಟ್ಟಿತು.

ಎರಡು ಮೀಟರಿಗೆ ಎಡಗಿವಿ ಚುಚ್ಚಲು ಶುರುವಾಯಿತು. ಇನ್‌ಸ್ಟ್ರಕ್ಟರ್ ಕೈಯಲ್ಲೇ "ಸರಿ ಇದ್ದೀರಾ" ಅಂತ ಕೇಳಿದ. ಪಕ್ಕದಲ್ಲಿ ಹೆಂಡತಿ ಮೀನಿನ ಹಾಗೆ ಆರಾಮಾಗಿ ಇಳಿಯುತ್ತಿದ್ದಾಳೆ! ಈಜು ಬಾರದವಳು! ನಾನು ಬೆರಳು ಸುತ್ತಿಸಿ ಓಕೆ ಅಂದೆ. ನಾಲ್ಕು ಮೀಟರ್ ಹತ್ತಿರ ಮೂಗು ಹಿಡಿದು ಜೋರಾಗಿ ಊದಿದೆ. ಕಿವಿಯೊಳಗೆ ಏನೋ ಚಟ್ ಅಂದಿತು. ಸಮುದ್ರ ಪೂರ್ತಿ ಗಿರ್ರನೆ ತಿರುಗಿತು. ಮೇಲೆ ಕರೆತಂದು ಮಾಸ್ಕ್ ಬಿಚ್ಚಿದಾಗ ಅದರೊಳಗೆ ಮೂಗಿನ ರಕ್ತ. ಒಟ್ಟು ನಾಲ್ಕು ನಿಮಿಷದ ಸ್ಕೂಬಾ.

ತಮಟೆ ತೂತಾಗಿಲ್ಲ, ಹಿಂದೆ ರಕ್ತ ಕಟ್ಟಿದೆ, ವಾರ ವಿಮಾನ ಬೇಡ ಅಂದರು ಡಾಕ್ಟರ್. ವಾಪಸ್ ಟಿಕೆಟ್ ಹೋಯಿತು. ಅಂಗಡಿ ತೆಗೀಬೇಕು ಅಂತ ಹೆಂಡತಿಯನ್ನು ಕಳಿಸಿ, ನಾನು ಪೋರ್ಟ್ ಬ್ಲೇರ್‌ನಲ್ಲಿ ಒಬ್ಬನೇ ಉಳಿದೆ. ಸೆಲ್ಯುಲರ್ ಜೈಲನ್ನು ಮೂರು ಸಲ ನೋಡಿದೆ. ಊರಿಗೆ ಬಂದ ಮೇಲೆ ಕರಿನೀರಿನ ಶಿಕ್ಷೆ ಮುಗಿಸಿ ಬಂದ ಅಂತ ಪೇಟೆಯಲ್ಲೆಲ್ಲಾ ಹಬ್ಬಿತ್ತು. ತಿಂಗಳು ಕಾಲ ಎಡಗಿವಿಗೆ ಹತ್ತಿ ತುರುಕಿದ ಹಾಗೆ. ಗಿರಾಕಿ ಚೌಕಾಶಿ ಮಾಡಿದ್ದು ಅರ್ಧ ಕೇಳಿಸುತ್ತಿರಲಿಲ್ಲ. ಆ ತಿಂಗಳ ವ್ಯಾಪಾರ ಒಂಚೂರು ಚೆನ್ನಾಗೇ ಆಯಿತು ಅನ್ನಿ.

ಈಗ ನಿಮ್ಮ "ಆಳ ಇಲ್ಲದ ದ್ವೀಪ". ಈ ಯೋಚನೆಯನ್ನೇ ಬಿಡಿ. ನೆಲದ ಮೇಲೆ ಒತ್ತಡ 1 ಅಂತಿಟ್ಟುಕೊಳ್ಳಿ. 10 ಮೀಟರ್ ನೀರಿನಲ್ಲಿ 2, 20ಕ್ಕೆ 3, 30ಕ್ಕೆ 4. ಮೊದಲ ಹತ್ತೇ ಮೀಟರಿಗೆ ಎರಡರಷ್ಟು. 20ರಿಂದ 30ಕ್ಕೆ ಹೋದರೆ ಇದ್ದದ್ದರ ಮೂರನೇ ಒಂದು ಭಾಗ ಮಾತ್ರ ಜಾಸ್ತಿ. ಅಂದರೆ ಕಿವಿಗೆ ಅತಿ ಕಷ್ಟದ ಜಾಗ ಮೇಲಿನ ನೀರೇ. "ಆರು ಮೀಟರ್ ತಾನೇ" ಅಂದುಕೊಂಡವನು ನಾನು ನಾಲ್ಕಕ್ಕೇ ಮುಗಿದೆ. ಹೇಗೂ ಕೋರ್ಸ್ ಮಾಡದವರನ್ನು ಯಾವ ದ್ವೀಪದಲ್ಲೂ 12 ಮೀಟರಿಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಈಜು ಬಾರದಿರುವುದೂ ಅಡ್ಡಿ ಅಲ್ಲ. ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದೇ ಇರುತ್ತಾನೆ. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಓಪನ್ ವಾಟರ್ ಕೋರ್ಸ್ ಮಾಡುವುದಾದರೆ ಮಾತ್ರ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಅದು ಮೂರು ನಾಲ್ಕು ದಿನದ ಕೆಲಸ, ನಿಮ್ಮ ರಜೆಗೆ ಹೊಂದುವುದಿಲ್ಲ.

ನನ್ನ ಪ್ರಕಾರ ನೋಡಬೇಕಾದದ್ದು ಒಂದೇ. ಬೆಳಗ್ಗೆ ಎದ್ದು "ಇವತ್ತು ಬೇಡ" ಅನ್ನಲು ಎಲ್ಲಿ ಸುಲಭ? ಹ್ಯಾವ್‌ಲಾಕ್‌ನಲ್ಲಿ ನನಗೆ ಆ ಮಾತು ಬಾಯಿಗೆ ಬರಲಿಲ್ಲ, ಯಾಕಂದರೆ ಆ ಮಾತಿನ ಬೆಲೆ ಎರಡು ವಿಮಾನದ ಟಿಕೆಟ್. ಒಂದು ವಾರ ಇದ್ದರೆ ಕಣ್ಣು ಮುಚ್ಚಿ ಹ್ಯಾವ್‌ಲಾಕ್‌ಗೆ ಹೋಗಿ. ದಡದಿಂದಲೇ ನಡೆದು ನೀರಿಗಿಳಿಯುವ ಜಾಗ ಇದೆ, ದೋಣಿಯ ಕುಲುಕಾಟ ಇಲ್ಲ. ನಾಲ್ಕು ದಿನಕ್ಕೆ ಬೇಡ. ಲಕ್ಷದ್ವೀಪದ ನೀರು ಚೆಂದ. ಆದರೆ ಪರ್ಮಿಟ್ ಬೇಕು, ಹಡಗೋ ವಿಮಾನವೋ ಹಿಡಿಯಬೇಕು, ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಮಾಲ್ಡೀವ್ಸ್ ಅಂತೂ ಫೋಟೊ ಹಾಕೋರಿಗೆ.

ನಿಮಗೆ ನೇತ್ರಾಣಿ. ಶಿವಮೊಗ್ಗ, ಸಾಗರ, ಜೋಗ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಮುರುಡೇಶ್ವರ. ನೆಗಡಿ ಬಂತಾ, ಫೋನ್ ಮಾಡಿ ಬೇಡ ಅನ್ನಿ, ಹೋಗುವುದು ಅಡ್ವಾನ್ಸ್ ಮಾತ್ರ. ಮಳೆಗಾಲ ಬಿಟ್ಟು ಹೋಗಬೇಕು. ಡಿಸೆಂಬರ್, ಜನವರಿ ಒಳ್ಳೆಯದು. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್, ದೋಣಿ ಚೆನ್ನಾಗಿ ಕುಲುಕುತ್ತದೆ. ಬೆಳಗ್ಗೆ ಎರಡು ಇಡ್ಲಿ ಸಾಕು. ನಮ್ಮೂರಿನ ಹಾಗೆ ಬೆಣ್ಣೆ ಜೊತೆ ಗಟ್ಟಿಯಾಗಿ ಬಾರಿಸಿಕೊಂಡು ದೋಣಿ ಹತ್ತಿದರೆ ಮೀನಿಗೆ ಊಟ ಹಾಕುವವರು ನೀವೇ ಆಗುತ್ತೀರಿ.

ನೀರಿನೊಳಗೆ ಹೆಬ್ಬೆರಳು ಎತ್ತಬೇಡಿ. ನಮ್ಮಲ್ಲಿ ಅದು ಸೂಪರ್, ಅಲ್ಲಿ "ಮೇಲೆ ಹೋಗೋಣ" ಅಂತ. ಕಿವಿ ನೋವಾದರೆ ಅಂಗೈ ಅಲ್ಲಾಡಿಸಿ ಕಿವಿ ತೋರಿಸಿ, ಎರಡು ಮೀಟರಿಗೇ ತೋರಿಸಿ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ತಲೆಗೇ ಬರುವುದಿಲ್ಲ. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದು ಡೈವ್ ಆಗಿದ್ದರೆ 12 ಗಂಟೆ, ಜಾಸ್ತಿ ಮಾಡಿದ್ದರೆ 18 ಗಂಟೆಯಾದರೂ ಬಿಡಬೇಕು. ರಕ್ತದಲ್ಲಿ ಕರಗಿದ ಸಾರಜನಕ ಹೊರಗೆ ಹೋಗಬೇಕಲ್ಲ, ಅದಕ್ಕೆ. ಸರಿ, ನಾವು ಕಾರಲ್ಲಿ ಬಂದಿದ್ದೀವಿ ಅಂತೀರಾ? 300 ಮೀಟರಿಗಿಂತ ಎತ್ತರದ ಜಾಗಕ್ಕೂ ಅದೇ ಎಚ್ಚರಿಕೆ. ನಮ್ಮ ದಾವಣಗೆರೆಯೇ ಸಮುದ್ರದಿಂದ ಸುಮಾರು 600 ಮೀಟರ್ ಮೇಲಿದೆ. ಹಾಗಾಗಿ ಅವತ್ತೇ ಸಂಜೆ ಘಾಟಿ ಹತ್ತಬೇಡಿ. ರಾತ್ರಿ ಮುರುಡೇಶ್ವರದಲ್ಲೇ ಮಲಗಿ.

ಹೋಗುವಾಗ ಅದೇ ಘಾಟಿಯಲ್ಲಿ ಪುಕ್ಕಟೆ ಪರೀಕ್ಷೆ ಮಾಡಿಕೊಳ್ಳಬಹುದು. ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ಲ, ಉಗುಳು ನುಂಗಿದರೆ ಬಿಡುತ್ತದಾ ನೋಡಿ. ಅಷ್ಟುದ್ದದ ಘಾಟಿ ಪೂರ್ತಿ ಇಳಿದರೂ ಕಿವಿಗೆ ಬೀಳುವ ಒತ್ತಡ ನೀರಿನಲ್ಲಿ ಒಂದು ಮೀಟರ್ ಇಳಿದಷ್ಟೂ ಇಲ್ಲ. ಅದಕ್ಕೇ ಬಿಡದ ಕಿವಿ ಸಮುದ್ರದಲ್ಲಿ ಬಿಡುತ್ತಾ?

ನೇತ್ರಾಣಿಗೆ ಹೊರಟ ಮೊದಲ ಸಲ ನನಗೆ ಬಿಡಲಿಲ್ಲ. ಹೊನ್ನಾವರದಿಂದಲೇ ಫೋನ್ ಮಾಡಿ ಬೇಡ ಅಂದೆ. ದೇವಸ್ಥಾನ ನೋಡಿ, ಊಟ ಮಾಡಿ ವಾಪಸ್ ಬಂದೆವು. ಮುಂದಿನ ವರ್ಷ ಬಿಟ್ಟಿತು. ಮೂವತ್ತು ನಿಮಿಷ ಕೆಳಗಿದ್ದೆ, ಪ್ಯಾರಟ್ ಫಿಶ್ ಬಂಡೆ ಕಡಿಯುವ ಕಟಕಟ ಶಬ್ದ ಎರಡೂ ಕಿವಿಗೆ ಕೇಳಿಸಿತು. ಈಗ ಯಾವ ಘಾಟಿ ಇಳಿದರೂ, ಮದುವೆಗೇ ಹೋಗುತ್ತಿದ್ದರೂ, ಹಿಂದಿನ ಸೀಟಿನಿಂದ ಹೆಂಡತಿ ಕೇಳುತ್ತಾಳೆ, "ರೀ, ಕಿವಿ ಬಿಡ್ತೇನ್ರೀ?"