ತ್ರಿವುಡೆ ಕೈಕೊಡುವುದಕ್ಕೆ ‘ಚೆನ್ನಾಗಿತ್ತು’ ಕಾರಣ

ಸಾಗರದ ನಿಮ್ಮ ಹವ್ಯಾಸಿ ಯಕ್ಷಗಾನ ತಂಡದಲ್ಲಿ ನಿಮ್ಮ ಹಾಡು ಕೇಳಿ ಎಲ್ಲರೂ ‘ಚೆನ್ನಾಗಿತ್ತು’ ಅಂತಾರೆ, ರಂಗಸ್ಥಳದಲ್ಲಿ ಮಾತ್ರ ತ್ರಿವುಡೆ ತಾಳದ ಪದ್ಯ ಕೈಕೊಡುತ್ತೆ ಅಂದಿರಿ. ಬಹುಶಃ ಆ ‘ಚೆನ್ನಾಗಿತ್ತು’ವೇ ಕಾರಣ, ಅದರಲ್ಲಿ ತಿದ್ದಿಕೊಳ್ಳೋಕೆ ಏನೂ ಸಿಗಲ್ಲ.

ಒಂದೇ ಪದ್ಯ ಹಾಡಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ. ಕೇಳುವವರಿಗೆ ಕೆಲಸ ಹಂಚಿ: ಮದ್ದಳೆಯವರು ತಾಳ, ಇನ್ನೊಬ್ಬರು ಉಚ್ಚಾರ, ಮತ್ತೊಬ್ಬರು ಶ್ರುತಿ. ‘ಹೇಗಿತ್ತು’ ಬೇಡ, ‘ಎಲ್ಲಿ ತಪ್ಪಿತು’ ಅಂತಲೇ ಕೇಳಿ. ತ್ರಿವುಡೆಯ 7 ಅಕ್ಷರ (ತಾಳದ ಎಣಿಕೆ) 3, 2, 2 ಆಗಿ ಬರುತ್ತೆ. ಉಸಿರಿಗೆ ಅವಸರವಾದರೆ ಕೊನೆಯ 2 ನುಂಗಿಹೋಗುತ್ತೆ, ಅಲ್ಲೇ ಕಿವಿಯಿಡಲು ಹೇಳಿ. ಅವರು ಹೇಳುವಾಗ ಸಮರ್ಥನೆ ಬೇಡ (ಕಷ್ಟವೇ), ಬರೆದುಕೊಳ್ಳಿ. ಎರಡೇ ತಪ್ಪು ತಿದ್ದಿ, ವಾರ ಬಿಟ್ಟು ಅವರೆದುರೇ ಮತ್ತೆ ಹಾಡಿ. ತಿದ್ದಿದ್ದನ್ನು ಅವರೇ ಗುರುತಿಸಿದರೆ ಬರೋ ಧೈರ್ಯ ಹೊಗಳಿಕೆಯಿಂದ ಬರಲ್ಲ.

ಪ್ರತಿ ಸಲ ಒಂದೇ ಜಾಗದಲ್ಲಿ ತಪ್ಪಿದರೆ ಅದು ತಾಳದ ಲೆಕ್ಕದ ದೋಷ. ಜಾಗ ಬದಲಾಗುತ್ತಿದ್ದರೆ ಸಭಾಕಂಪ ಇರಬಹುದು. ಆಗ ಮೊದಲು ಮನೆಯಂಗಳದಲ್ಲಿ ಹತ್ತು ಜನರೆದುರು ಹಾಡಿ ನೋಡಿ.