ಮಗಳ ಬುದ್ಧಿಶಕ್ತಿ ಕುಂದಿಹೋಯಿತೇ?

ಪ್ರಶ್ನೆ: 19 ವರ್ಷದ ನನ್ನ ಮಗಳು ಅನೊರೆಕ್ಸಿಯಾದಿಂದ (ದಪ್ಪಗಾಗುವ ಭಯದಿಂದ ಊಟ ತೀರಾ ಕಡಿಮೆ ಮಾಡುವ ಮಾನಸಿಕ ಕಾಯಿಲೆ) ಬಳಲುತ್ತಿದ್ದು, ತೂಕ ತೀರಾ ಇಳಿದಿದೆ. ಮನೋವೈದ್ಯರ ಚಿಕಿತ್ಸೆ ಈಗಷ್ಟೇ ಆರಂಭವಾಗಿದೆ. ಓದಿನಲ್ಲಿ ಸದಾ ಮುಂದಿದ್ದವಳು ಈಗ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಾಳೆ. ಊಟದ ಹೊತ್ತು ಸ್ವಲ್ಪ ಹಿಂದುಮುಂದಾದರೂ ಕಂಗೆಡುತ್ತಾಳೆ. ಎಷ್ಟು ತಿಳಿಹೇಳಿದರೂ ಫಲವಿಲ್ಲ. ಅವಳ ಬುದ್ಧಿಯೇ ಕುಂದಿತೇ? ಪರೀಕ್ಷೆಗೆ ಕೂರಿಸಬಹುದೇ?
– ಒಬ್ಬ ತಾಯಿ

ಉತ್ತರ: ಬುದ್ಧಿ ಕುಂದಿತೆಂದು ದಯವಿಟ್ಟು ಎದೆಗುಂದಬೇಡಿ. ಈ ಕಾಯಿಲೆಯಲ್ಲಿ ಸಾಮಾನ್ಯ ಬುದ್ಧಿಮಟ್ಟ ಬಹುತೇಕ ಉಳಿದೇ ಇರುತ್ತದೆ. ಪೆಟ್ಟು ಬೀಳುವುದು ಏಕಾಗ್ರತೆಗೆ ಮತ್ತು ಯೋಚನೆಯ ದಾರಿಯನ್ನು ಬದಲಿಸಿಕೊಳ್ಳುವ ಶಕ್ತಿಗೆ. ದೇಹದ ತೂಕದಲ್ಲಿ ಶೇಕಡ 2ರಷ್ಟೇ ಇರುವ ಮೆದುಳು, ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡ 20ರಷ್ಟನ್ನು ತಾನೇ ಬಳಸುತ್ತದೆ. ಪೋಷಣೆ ನಿಂತಾಗ ಅದರ ಗಾತ್ರವೂ ತಗ್ಗುವುದು ಸ್ಕ್ಯಾನ್‌ಗಳಲ್ಲಿ ಕಾಣುತ್ತದೆ. ತೂಕ ಮರಳಿದಂತೆ ಅದರ ಬಹುಪಾಲು ಮರಳುತ್ತದೆ.

1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದು, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದ್ದರು. ಮೊದಲು ಯಾವ ಮಾನಸಿಕ ಕಾಯಿಲೆಯೂ ಇಲ್ಲದಿದ್ದ ಅವರು, ಗಮನ ನಿಲ್ಲುತ್ತಿಲ್ಲ, ಆಹಾರದ ಹೊರತು ಬೇರೇನೂ ತಲೆಗೆ ಹತ್ತುತ್ತಿಲ್ಲ ಎಂದು ದೂರಿದರು; ಆದರೂ ಬುದ್ಧಿಮಟ್ಟದ ಪರೀಕ್ಷೆಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಆದ್ದರಿಂದ ಇಂಥವರು ಒಳ್ಳೆಯ ಅಂಕ ತಂದರೆ ಎಲ್ಲವೂ ಸರಿಯಿದೆಯೆಂದು ನಂಬುವುದು ಅಪಾಯ.

ಇನ್ನು ಅವಳ ಹಟದ ಮಾತು. ಕಾರ್ಡುಗಳನ್ನು ವಿಂಗಡಿಸುವ ಒಂದು ಪರೀಕ್ಷೆಯಿದೆ. ಬಣ್ಣದ ಪ್ರಕಾರ ವಿಂಗಡಿಸುವುದು ಸರಿಯೆನಿಸುತ್ತಿರುವಾಗಲೇ, ಯಾವ ಸೂಚನೆಯೂ ಇಲ್ಲದೆ, ಆಕಾರದ ಪ್ರಕಾರ ವಿಂಗಡಿಸಬೇಕೆಂದು ನಿಯಮ ಬದಲಾಗುತ್ತದೆ. ಪರೀಕ್ಷಕರು ‘ತಪ್ಪು’ ಎನ್ನುತ್ತಿದ್ದರೂ, ಅನೊರೆಕ್ಸಿಯಾ ಇರುವ ವಯಸ್ಕರಲ್ಲಿ ಹಲವರು ಹಳೆಯ ನಿಯಮವನ್ನೇ ಇತರರಿಗಿಂತ ಹೆಚ್ಚು ಹೊತ್ತು ಹಿಡಿದಿರುತ್ತಾರೆ. ಊಟದ ಹೊತ್ತು ತಪ್ಪಿದಾಗ ನಿಮ್ಮ ಮಗಳು ಪಡುವ ಪಾಡಿನಲ್ಲಿ ಈ ಬಿಗಿತದ ಪಾಲೂ ಇರಬಹುದು. ಭಯ ಮತ್ತು ಖಿನ್ನತೆ ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹಾಗಾಗಿ ಊಟದ ತಟ್ಟೆಯ ಮುಂದೆ ವಾದ ಬೇಡ. ಮಾತು ಚಿಕ್ಕದಾಗಿರಲಿ, ಆಯ್ಕೆಗಳು ಎರಡಕ್ಕಿಂತ ಹೆಚ್ಚಿರದಿರಲಿ.

ಮೊದಲ ಮದ್ದು ಆಹಾರವೇ. ಆದರೆ ತೂಕ ಇಷ್ಟು ಇಳಿದಿರುವಾಗ ಮನೆಯಲ್ಲಿ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದಲ್ಲಿನ ಫಾಸ್ಫೇಟ್ ಎಂಬ ಲವಣಾಂಶ ಕುಸಿದು ಜೀವಕ್ಕೇ ಕುತ್ತಾಗಬಹುದಾದ್ದರಿಂದ, ಆಹಾರದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ದಿಢೀರನೆ ಗೊಂದಲ, ನಡಿಗೆಯಲ್ಲಿ ತೂರಾಟ, ಒಂದು ವಸ್ತು ಎರಡಾಗಿ ಕಾಣುವುದು – ಇವುಗಳಲ್ಲಿ ಯಾವುದಾದರೂ ಕಂಡರೆ ಥಯಾಮಿನ್ (ವಿಟಮಿನ್ ಬಿ1) ಕೊರತೆಯಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯೋಚನೆಯ ಬಿಗಿತವನ್ನು ಸಡಿಲಿಸಲು, ಆಹಾರದ ವಿಷಯವನ್ನೇ ಎತ್ತದೆ ಸಣ್ಣ ಒಗಟು, ಅಭ್ಯಾಸಗಳನ್ನು ಮಾಡಿಸುವ ಅರಿವಿನ ತರಬೇತಿಯೂ ಇದೆ. ಅದು ಚಿಕಿತ್ಸೆಗೆ ಪೂರಕವೇ ಹೊರತು ಆಹಾರಕ್ಕೆ ಬದಲಿಯಲ್ಲ.

ಪರೀಕ್ಷೆಯನ್ನು ಈ ಬಾರಿ ಮುಂದೂಡುವುದೇ ಲೇಸು. ತೂಕ ಏರಿದ ಮರುದಿನವೇ ಏಕಾಗ್ರತೆ ಮರಳುವುದಿಲ್ಲ, ಹಲವು ತಿಂಗಳು ಹಿಡಿಯಬಹುದು. ಪರೀಕ್ಷೆ ಮುಂದೂಡಿದ್ದು ಶಿಕ್ಷೆಯಲ್ಲವೆಂಬುದನ್ನು ಅವಳಿಗೆ ನೀವೇ ಬಾಯಿಬಿಟ್ಟು ಹೇಳಿ.