ಬೋಲ್ಟ್ ಬಿಗಿಯಾಗಿದ್ದರೆ ಹಳೆಯ ಸ್ಟೇಜ್ ಲೈಟಿಗೆ ಸೇಫ್ಟಿ ವೈರ್ ಬೇಕಾ? ಚೈನ್ ಒಳ್ಳೆಯದಾ, ಸ್ಟೀಲ್ ವೈರಾ?

ನಿಮ್ಮ ನಾಟಕ ತಂಡಕ್ಕೆ ಎಂಟು ಹಳೆಯ ಲೈಟು ಸಿಕ್ಕಿವೆ, ಅವನ್ನು ಪೈಪಿಗೆ ಕಚ್ಚಿಸುವ ಕ್ಲ್ಯಾಂಪುಗಳು ಗಟ್ಟಿಯಾಗಿವೆ, ಈಗ ಕ್ಲ್ಯಾಂಪ್ ಬಿಟ್ಟರೂ ಲೈಟು ಬೀಳದಂತೆ ಹಿಡಿಯುವ ಸೇಫ್ಟಿಗೆ ಚೈನ್ ತರುವುದಾ ವೈರ್ ತರುವುದಾ ಎಂದು ಯೋಚಿಸುತ್ತಿದ್ದೀರಿ. ಓದಿದ ಕೂಡಲೇ ನನಗೆ ಎದೆ ಧಸಕ್ಕೆಂದಿತು. ನಾನೂ ಇದೇ ಪ್ರಶ್ನೆ ಹಿಡಿದು ಓಡಾಡಿದ್ದೆ, ಸ್ಟೀಲ್ ವೈರೇ ಸರಿ ಎಂದು ತಿಳಿದುಕೊಂಡು ಪ್ರತಿ ಲೈಟಿಗೂ ಹಾಕಿದ್ದೆ. ಆದರೂ ಒಂದು ಲೈಟು ಬಿತ್ತು.

ನಮಗೆ ಸಿಕ್ಕಿದ್ದು ಎಲ್‌ಇಡಿಗೆ ಬದಲಾಗುತ್ತಿದ್ದ ಒಂದು ಸಭಾಂಗಣದ ಹಳೆಯ ಲೈಟುಗಳು. ಮೃದು ಅಂಚಿನ ಬೆಳಕು ಕೊಡುವ ಫ್ರೆನೆಲ್ ನಾಲ್ಕು, ಚೂಪು ಅಂಚಿನ ಬೆಳಕು ಕೊಡುವ ಪ್ರೊಫೈಲ್ ಎರಡು, ಎಲ್ಲಾ 1000 ವ್ಯಾಟಿನವು. ಏಣಿ ಹತ್ತುತ್ತಿದ್ದವನು ನಾನು. ಒಂದು ಪ್ರೊಫೈಲನ್ನು ಕ್ಲ್ಯಾಂಪ್ ಸಮೇತ ತೂಗಿದರೆ 11 ಕೆಜಿ ಇತ್ತು. ಪೈಪಿಗೆ ಕ್ಲ್ಯಾಂಪ್ ಸರಿಯಾಗಿ ಕೂತಿತು. ಬೋಲ್ಟ್ ಬಿಗಿದು, ಕೈಯಿಂದ ಜಗ್ಗಿ ನೋಡಿದೆ, ಅಲುಗಾಡಲಿಲ್ಲ. ಸೇಫ್ಟಿ ವೈರನ್ನು ಪೈಪಿನ ಮೇಲಿಂದ ತಂದು, ಲೈಟನ್ನು ಎರಡೂ ಕಡೆಯಿಂದ ಹಿಡಿದಿರುವ ಯು ಆಕಾರದ ಪಟ್ಟಿ ಇರುತ್ತದಲ್ಲ, ಯೋಕ್, ಅದರೊಳಗೆ ಹಾಯಿಸಿ ಕ್ಲಿಪ್ ಹಾಕಿದೆ. ಕೆಳಗಿನಿಂದ ನೋಡಿದರೆ ಎಲ್ಲವೂ ಅಚ್ಚುಕಟ್ಟು.

ಎರಡು ದಿನ ರಿಹರ್ಸಲ್ ನಡೆಯಿತು. ಎರಡನೇ ದಿನ ರಾತ್ರಿ ಲೈಟೆಲ್ಲಾ ಆರಿಸಿ ಹತ್ತು ನಿಮಿಷವಾಗಿತ್ತು. ತಂಡದ ಐದಾರು ಜನ ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಮಾತಾಡುತ್ತಾ ಕೂತಿದ್ದರು. ತಣ್ಣಗಾಗುವ ಲೈಟುಗಳು ಟಿಕ್ ಟಿಕ್ ಅನ್ನುತ್ತವಲ್ಲ, ಆ ಸದ್ದು ಬರುತ್ತಲೇ ಇತ್ತು. ಆಮೇಲೆ ಒಂದು ದೊಡ್ಡ ಸದ್ದು. ಕೂತವರ ಬೆನ್ನ ಹಿಂದೆ, ಮೂರು ಅಡಿ ದೂರದಲ್ಲಿ ಪ್ರೊಫೈಲ್ ಬಿದ್ದಿತ್ತು. ಹಲಗೆ ಸೀಳಿತ್ತು, ಲೆನ್ಸ್ ಚೂರುಚೂರು. ತಲೆ ಎತ್ತಿ ನೋಡಿದರೆ ಕ್ಲ್ಯಾಂಪ್ ಅಲ್ಲೇ ಇದೆ, ಯೋಕ್ ಅಲ್ಲೇ ಇದೆ, ನನ್ನ ಸೇಫ್ಟಿ ವೈರೂ ಅಲ್ಲೇ ಇದೆ. ಲೈಟು ಮಾತ್ರ ಇಲ್ಲ.

ಐದು ಮೀಟರ್ ಎತ್ತರದಿಂದ ಬೀಳಲು ಒಂದೇ ಸೆಕೆಂಡು ಸಾಕು. ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 35 ಕಿ.ಮೀ. ಯಾರಾದರೂ "ಹುಷಾರು" ಎಂದು ಕೂಗುವಷ್ಟು ಹೊತ್ತೂ ಇರುವುದಿಲ್ಲ.

ಈಗ ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಇದನ್ನು ನಿಧಾನವಾಗಿ ಓದಿ. ತೂಗುಹಾಕಿದ ಲೈಟು ಒಂದೇ ವಸ್ತು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಪೈಪಿಗೆ ಕ್ಲ್ಯಾಂಪ್, ಕ್ಲ್ಯಾಂಪಿಗೆ ಯೋಕ್, ಯೋಕಿಗೆ ಲೈಟಿನ ಬಾಡಿ. ಹೀಗೆ ಮೂರು ಕಡೆ ಜೋಡಣೆ ಇದೆ. ನನ್ನ ವೈರು ಮೊದಲ ಎರಡನ್ನು ಕಾಯುತ್ತಿತ್ತು. ಮೂರನೆಯದು, ಅಂದರೆ ಲೈಟನ್ನು ಮೇಲೆ ಕೆಳಗೆ ಬಾಗಿಸಲು ಎರಡು ಪಕ್ಕದಲ್ಲಿ ಇರುವ ಬೋಲ್ಟುಗಳು, ಅವಕ್ಕೆ ಯಾವ ಕಾವಲೂ ಇರಲಿಲ್ಲ. ಬಾಡಿಯ ಪೂರ್ತಿ ಭಾರ ಇರುವುದು ಆ ಎರಡು ಬೋಲ್ಟಿನ ಮೇಲೆಯೇ. ಬಿದ್ದ ಮೇಲೆ ನೋಡಿದರೆ ಒಂದು ಬೋಲ್ಟ್ ಮೂಲದ್ದಲ್ಲ, ಯಾರೋ ಯಾವಾಗಲೋ ಗಿಡ್ಡದೊಂದನ್ನು ಹಾಕಿದ್ದರು. ಎರಡೇ ಎಳೆ ಥ್ರೆಡ್ ಕಚ್ಚಿತ್ತು, ಸ್ಪ್ರಿಂಗ್ ವಾಷರ್ ಇರಲಿಲ್ಲ. ಲೈಟು ಉರಿದಾಗ ಲೋಹ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಪ್ರತಿ ಸಲವೂ ಬಿಗಿ ಒಂದಿಷ್ಟು ಸಡಿಲವಾಗಬಹುದು. ಆ ಕಡೆ ಕಳಚಿದ ತಕ್ಷಣ ಭಾರವೆಲ್ಲಾ ಇನ್ನೊಂದು ಪಕ್ಕಕ್ಕೆ ತಿರುಚಿಕೊಂಡಿತು, ಅಲ್ಲಿ ತಗಡಿನ ತೂತೇ ಹರಿಯಿತು. ಕರೆಂಟ್ ವೈರು ಕಿತ್ತು ಬಂತು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚೈನೋ ವೈರೋ ಅನ್ನುವುದು ಆಮೇಲಿನ ಮಾತು. ಅದರ ಕೆಳಗಿನ ತುದಿ ಯಾವುದಕ್ಕೆ ಕಟ್ಟಿದೆ? ಬಾಡಿಗೆ ಕಟ್ಟಿರಬೇಕು. ಹೊಸ ಲೈಟುಗಳಲ್ಲಿ ಬಾಡಿಯ ಮೇಲೆಯೇ ಇದಕ್ಕೊಂದು ಕೊಂಡಿ ಇರುತ್ತದೆ. ಹಳೆಯವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಆಗ ಯೋಕ್ ಒಳಗಿಂದಲೂ, ಬಾಡಿಯ ಚೌಕಟ್ಟಿನ ಗಟ್ಟಿ ಭಾಗದೊಳಗಿಂದಲೂ ವೈರ್ ಹಾಯಬೇಕು. ಬಣ್ಣದ ಜೆಲ್ ಹಾಳೆ ಹಾಕುವ ಮುಂದಿನ ಫ್ರೇಮಿಗೆ ಸಿಕ್ಕಿಸಬೇಡಿ. ಲ್ಯಾಂಪ್ ಬದಲಿಸುವ ಮುಚ್ಚಳದ ಹಿಡಿಗೂ ಬೇಡ. ಗಟ್ಟಿ ಜಾಗ ಸಿಗದಿದ್ದರೆ ನೀವೇ ಡ್ರಿಲ್ ಹಿಡಿಯಬೇಡಿ, ಈ ಲೈಟುಗಳ ರಿಪೇರಿ ಬಲ್ಲವರಿಂದ ಐ ಬೋಲ್ಟ್, ಅಂದರೆ ತಲೆಯಲ್ಲಿ ಉಂಗುರ ಇರುವ ಬೋಲ್ಟ್, ಹಾಕಿಸಿ. ಅಲ್ಲಿಯ ತನಕ ಅದು ನೆಲದ ಮೇಲೆ ಸೈಡ್ ಲೈಟ್ ಆಗಿರಲಿ.

ವೈರು ಉದ್ದ ಜೋತುಬಿದ್ದಿದ್ದರೂ ಪ್ರಯೋಜನ ಕಡಿಮೆ. ಲೆಕ್ಕ ಹಾಕಿ ನೋಡಿ: 11 ಕೆಜಿಯ ಲೈಟು 30 ಸೆಂ.ಮೀ. ಬಿದ್ದು ಒಂದು ಸೆಂ.ಮೀ.ನಲ್ಲಿ ನಿಂತರೆ ವೈರಿನ ಮೇಲೆ 300 ಕೆಜಿಗೂ ಜಾಸ್ತಿ ಎಳೆತ ಬೀಳುತ್ತದೆ. ಲೈಟು ತಿರುಗಲು ಬೇಕಾದಷ್ಟು ಮಾತ್ರ ಸಡಿಲ ಬಿಡಿ, ಉಳಿದದ್ದನ್ನು ಪೈಪಿಗೆ ಇನ್ನೊಂದು ಸುತ್ತು ಹಾಕಿ. ಎಷ್ಟು ಭಾರಕ್ಕೆ ಅಂತ ಬರೆದಿರುವ ಸ್ಟೀಲ್ ವೈರನ್ನೇ ತನ್ನಿ, ಸ್ಕ್ರೂ ಮಾಡಿ ಮುಚ್ಚುವ ಕೊಂಡಿ ಇರಲಿ. ಒಂದು ಸಲ ಲೈಟು ಬಿದ್ದು ಏಟು ತಿಂದ ವೈರನ್ನು ಮತ್ತೆ ಬಳಸಬೇಡಿ. ನೈಲಾನ್ ಹಗ್ಗ, ಕೇಬಲ್ ಟೈ ಬೇಡವೇ ಬೇಡ, ಆ ಬಿಸಿಗೆ ಕರಗಬಹುದು.

"ಬೋಲ್ಟ್ ಬಿಗಿ ಮಾಡಿದರೆ ಸಾಕಾ" ಎಂದಿದ್ದೀರಿ. ಜಾಸ್ತಿ ಬಿಗಿದರೂ ಕಷ್ಟವೇ. ಹಳೆಯ ಕ್ಲ್ಯಾಂಪ್ ಎರಕದ ಕಬ್ಬಿಣದ್ದಾಗಿದ್ದರೆ ಅದು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಪಟ್ಟನೆ ಒಡೆಯುತ್ತದೆ. ಅಲ್ಯೂಮಿನಿಯಂ ಪೈಪಾದರೆ ಬೋಲ್ಟಿನ ತುದಿ ಅದನ್ನು ತಗ್ಗು ಮಾಡುತ್ತದೆ. ಮೊದಲು ಕೈಯಲ್ಲೇ ಪೂರ್ತಿ ಬಿಗಿಯಿರಿ, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪ. ಕ್ಲ್ಯಾಂಪಿನ ಬಾಗಿದ ಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಎಸೆಯಿರಿ. ಲೈಟನ್ನು ಪೈಪಿಗೆ ಸಿಕ್ಕಿಸಿ ಬೋಲ್ಟ್ ಬಿಗಿದ ತಕ್ಷಣ ಸೇಫ್ಟಿ ಹಾಕಿ, ಉಳಿದ ಕೆಲಸ ಅದಾದ ಮೇಲೆ. ಇಳಿಸುವಾಗ ಸೇಫ್ಟಿ ಕಡೆಯದು. ಬೆಳಕು ಹರಡದಂತೆ ತಡೆಯಲು ಲೈಟಿನ ಮುಂದೆ ಹಾಕುವ ತಗಡಿನ ರೆಕ್ಕೆಗಳು, ಬಾರ್ನ್‌ಡೋರ್, ಇದ್ದರೆ ಅದಕ್ಕೂ ಬೇರೆಯೇ ಒಂದು ಸಣ್ಣ ಸೇಫ್ಟಿ ಬೇಕು. ಸ್ಪ್ಯಾನರನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಹಳೆಯ ಲೈಟಿನಿಂದ ಹೊರಬರುವ ವೈರಿಗೆ ಬಿಳಿಯ ಅಥವಾ ಬೂದು ಬಣ್ಣದ, ನವಿರು ಎದ್ದ ಬಟ್ಟೆಯಂಥ ಹೊದಿಕೆ ಇದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. ಸುಮ್ನೆ ಕೆರೆಯಬೇಡಿ, ಕತ್ತರಿಸಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಬಲ್ಲವರಿಂದ ಬದಲು ಮಾಡಿಸಿ. ಹಾಗೇ, ಪ್ಲಗ್ಗಿಗೆ ಎರಡೇ ತಂತಿ ಬಂದಿದ್ದರೆ ಆ ಲೋಹದ ಬಾಡಿಗೆ ಅರ್ಥಿಂಗ್ ಇಲ್ಲ ಎಂದೇ ಅರ್ಥ, ಅದನ್ನು ಉರಿಸಲೇಬೇಡಿ.

ನಾವು ಉಳಿದ ಐದನ್ನೂ ಇಳಿಸಿ, ಮೇಜಿನ ಮೇಲಿಟ್ಟು, ಪ್ರತಿಯೊಂದರ ಪಕ್ಕದ ಬೋಲ್ಟುಗಳನ್ನು ಬಿಚ್ಚಿ ನೋಡಿದೆವು. ಇನ್ನೊಂದರಲ್ಲೂ ಅಂಥದೇ ಗಿಡ್ಡ ಬೋಲ್ಟ್ ಇತ್ತು. ನಿಮ್ಮ ಎಂಟನ್ನೂ ಹೀಗೇ ಬಿಚ್ಚಿ ನೋಡಿ. ಬೋಲ್ಟ್ ಉದ್ದ, ವಾಷರ್, ತೂತಿನ ಸುತ್ತಲಿನ ತಗಡು, ಇವು ಕಾಣುವಂತೆ ಫೋಟೊ ತೆಗೆದು ಇಲ್ಲಿ ಹಾಕಿದರೆ, ಸೇಫ್ಟಿ ಎಲ್ಲಿಗೆ ಕಟ್ಟಬಹುದು ಎಂದು ಒಂದೊಂದಾಗಿ ನೋಡೋಣ.